ಗಂಟು ಚರ್ಮದಲ್ಲಿ, ಹೊರೆ ಯಕೃತ್ತಿನ ಮೇಲೆ

ಚರ್ಮಗಂಟು ರೋಗವೋ ಕಾಲುಬಾಯಿ ಜ್ವರವೋ ತಗುಲಿದ ಹಸುವಿನ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬರುವ ವರದಿ ಹೆಚ್ಚುಕಡಿಮೆ ಒಂದೇ ಬಗೆಯದು. ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಕಿಣ್ವಗಳಲ್ಲಿ ಎಎಸ್‌ಟಿ ಏರಿರುತ್ತದೆ, ಜಿಜಿಟಿ ತುಸು ಮೇಲಿರುತ್ತದೆ, ರಕ್ತದ ಪ್ರೋಟೀನುಗಳಲ್ಲಿ ಆಲ್ಬುಮಿನ್ ಇಳಿದು ಗ್ಲಾಬ್ಯುಲಿನ್ ಹೆಚ್ಚಿರುತ್ತದೆ. ಸಂಶೋಧನೆಗೆಂದು ನಡೆಸಿದ ಪರೀಕ್ಷೆಯಾದರೆ ಇನ್ನೆರಡು ಸಾಲು ಸೇರುತ್ತವೆ: ಕೊಬ್ಬಿನಂಶ ಸುಟ್ಟಾಗ ಉಳಿಯುವ ಮ್ಯಾಲಾನ್‌ಡೈಆಲ್ಡಿಹೈಡ್ ಹೆಚ್ಚಾಗಿದೆ, ಗ್ಲುಟಾಥಯೋನ್ ಮತ್ತು ಕ್ಯಾಟಲೇಸ್‌ನಂಥ ರಕ್ಷಕ ವಸ್ತುಗಳು ಕುಸಿದಿವೆ. ಇದನ್ನು ಓದಿದವರು ಸಲೀಸಾಗಿ ಎರಡು ಮಾತು ಹೇಳಿಬಿಡುತ್ತಾರೆ. ವೈರಸ್ ಲಿವರಿಗೆ ಇಳಿದಿದೆ ಎನ್ನುವುದು ಒಂದು. ಲಿವರ್ ಟಾನಿಕ್ ಮತ್ತು ವಿಟಮಿನ್ ಇ–ಸೆಲೆನಿಯಂ ಚುಚ್ಚುಮದ್ದು ಕೊಟ್ಟರೆ ಸರಿಹೋಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಬಹುಪಾಲು ಸಲ ತಪ್ಪು, ಎರಡನೆಯದು ಅರ್ಧ ಸರಿ.

ದನಗಳ ಹೆಚ್ಚಿನ ವೈರಸ್ ರೋಗಗಳಲ್ಲಿ ಯಕೃತ್ತಿಗೆ ಬೀಳುವ ಪೆಟ್ಟು ನೇರವಾಗಿ ವೈರಸ್ಸಿನದಲ್ಲ. ಜ್ವರ, ಉರಿಯೂತ, ಮೇವು ಬಿಟ್ಟ ಹೊಟ್ಟೆ ಈ ಮೂರೂ ಕೂಡಿ ಹೊರಿಸುವ ಹೊರೆಯದು. ಈ ವ್ಯತ್ಯಾಸ ಹಿಡಿಯದಿದ್ದರೆ ಔಷಧದ ಬಾಟಲಿ ಖಾಲಿಯಾಗುತ್ತದೆ, ಹಸು ಮಾತ್ರ ಸೊರಗುತ್ತಲೇ ಇರುತ್ತದೆ.

ಈ ಚರ್ಚೆಗೆ ಈಗ ಬಿಸಿ ಬಂದಿರುವುದಕ್ಕೆ ಕಾರಣವಿದೆ. ಚರ್ಮಗಂಟು ರೋಗ ಮೊದಲು ಕಂಡದ್ದು 1929ರಲ್ಲಿ, ಇಂದಿನ ಜಾಂಬಿಯಾದಲ್ಲಿ. ಬಹುಕಾಲ ಅದು ಆಫ್ರಿಕಾದ ರೋಗವೆನಿಸಿಕೊಂಡಿತ್ತು. 1989ರಲ್ಲಿ ಇಸ್ರೇಲಿನಲ್ಲಿ, 2013ರಲ್ಲಿ ಟರ್ಕಿಯಲ್ಲಿ, 2015ರಲ್ಲಿ ಗ್ರೀಸಿನಲ್ಲಿ ತಲೆಯೆತ್ತಿತು. 2019ರಲ್ಲಿ ಭಾರತ, ಬಾಂಗ್ಲಾದೇಶ, ಚೀನಾ ಮೂರಕ್ಕೂ ಒಮ್ಮೆಗೇ ಎಂಬಂತೆ ಬಂತು. 2025ರಲ್ಲಿ ಇಟಲಿ, ಫ್ರಾನ್ಸ್, ಸ್ಪೇನ್‌ಗಳ ಸರದಿ. ಕಾಲುಬಾಯಿ ಜ್ವರವೂ ಸುಮ್ಮನಿಲ್ಲ. 1988ರ ನಂತರ ಅದನ್ನು ಕಾಣದಿದ್ದ ಜರ್ಮನಿಯಲ್ಲಿ 2025ರ ಜನವರಿಯಲ್ಲಿ ಎಮ್ಮೆಗಳ ಹಿಂಡೊಂದರಲ್ಲಿ ಪತ್ತೆಯಾಯಿತು, ಮಾರ್ಚ್ ಹೊತ್ತಿಗೆ ಹಂಗೇರಿ ಮತ್ತು ಸ್ಲೊವಾಕಿಯಾದ ಹಸುಗಳಲ್ಲಿತ್ತು. ಸತ್ತ ದನಗಳ ಲೆಕ್ಕವನ್ನು ಸರ್ಕಾರಗಳು ಇಡುತ್ತವೆ. ಬದುಕುಳಿದು ಹಾಲು ಮೊದಲಿನ ಮಟ್ಟಕ್ಕೆ ಬಾರದ, ಬೆದೆಗೆ ಬಾರದ, ಮೈ ಹತ್ತದ ಹಸುಗಳ ಲೆಕ್ಕವನ್ನು ಇಡುವವರು ಕಡಿಮೆ. ಚರ್ಮಗಂಟು ರೋಗದಲ್ಲಿ ಸಾವು ಸಾಮಾನ್ಯವಾಗಿ ನೂರಕ್ಕೆ 1ರಿಂದ 5, ರೋಗ ತಗಲುವುದು ಅದಕ್ಕಿಂತ ಎಷ್ಟೋ ಹೆಚ್ಚು. ನಷ್ಟದ ದೊಡ್ಡ ಪಾಲು ಬದುಕಿದವುಗಳಲ್ಲೇ ಅಡಗಿದೆ, ಯಕೃತ್ತಿನ ಮಾತು ಬರುವುದೂ ಅಲ್ಲಿಯೇ.

ಕೊಲ್ಲುವ ಕಣ, ಸುಡುವ ಕಣ

ಆಕ್ಸಿಡೇಟಿವ್ ಒತ್ತಡ ಎಂಬ ಮಾತನ್ನು ಈಗ ಔಷಧದ ಜಾಹೀರಾತುಗಳು ಎಷ್ಟು ಬಳಸಿವೆಯೆಂದರೆ, ಆಕ್ಸಿಡೀಕರಣವೇ ಒಂದು ರೋಗ ಎಂಬ ಭಾವನೆ ಬಂದಿದೆ. ಹಾಗೇನಿಲ್ಲ. ಉಸಿರಾಡುವ ಪ್ರತಿ ಪ್ರಾಣಿಯ ಜೀವಕೋಶಗಳಲ್ಲೂ ಆಮ್ಲಜನಕ ಬಳಕೆಯಾಗುವಾಗ ಅದರ ಸಣ್ಣ ಪಾಲು ಅರೆಬರೆಯಾಗಿ ಉಳಿದು ಸೂಪರ್ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳಂಥ ಚುರುಕು ಕಣಗಳಾಗುತ್ತದೆ. ಇವನ್ನು ತಣಿಸುವ ಸರಣಿಯೂ ಪಕ್ಕದಲ್ಲೇ ಇದೆ. ಕಣಗಳು ಈ ಸರಣಿಯ ಕೈಮೀರಿದಾಗಲೇ ಅದು ಆಕ್ಸಿಡೇಟಿವ್ ಒತ್ತಡ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ ಸೂಪರ್ಆಕ್ಸೈಡ್ ಡಿಸ್ಮ್ಯುಟೇಸ್, ಅಂದರೆ ಎಸ್‌ಒಡಿ, ಸೂಪರ್ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತದೆ. ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅದನ್ನು ನೀರಾಗಿಸುತ್ತವೆ. ಎಸ್‌ಒಡಿಗೆ ತಾಮ್ರ, ಸತು, ಮ್ಯಾಂಗನೀಸ್ ಬೇಕು. ಗ್ಲುಟಾಥಯೋನ್ ಪೆರಾಕ್ಸಿಡೇಸಿಗೆ ಸೆಲೆನಿಯಂ ಬೇಕು ಎಂಬುದು 1973ರಲ್ಲಿ ಗೊತ್ತಾಯಿತು. ಖನಿಜ ಮಿಶ್ರಣದ ಪೊಟ್ಟಣದ ಮೇಲೆ ಈ ಹೆಸರುಗಳೆಲ್ಲ ಇರುವುದು ಅದಕ್ಕೇ.

ಸೋಂಕು ಬಂದಾಗ ದೇಹ ಬೇಕೆಂದೇ ಈ ಕಣಗಳನ್ನು ಹೆಚ್ಚು ಹುಟ್ಟಿಸುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಕ್ಷಣಾರ್ಧದಲ್ಲಿ ಆಮ್ಲಜನಕವನ್ನು ಎಳೆದುಕೊಂಡು ಸೂಪರ್ಆಕ್ಸೈಡ್ ಕಾರುತ್ತದೆ, ಮ್ಯಾಕ್ರೋಫೇಜ್‌ಗಳು ನೈಟ್ರಿಕ್ ಆಕ್ಸೈಡನ್ನು ಸೇರಿಸುತ್ತವೆ. ಎರಡೂ ಕೂಡಿದರೆ ಪೆರಾಕ್ಸಿನೈಟ್ರೈಟ್ ಎಂಬ ಇನ್ನೂ ಉಗ್ರವಾದ ವಸ್ತು. ಬದುವಿನ ಕಳೆಗೆ ಬೆಂಕಿ ಇಟ್ಟಾಗ ಗಾಳಿ ಬೀಸಿದರೆ ಪಕ್ಕದ ಪೈರೂ ಬಾಡುವಂತೆ, ಈ ಕಣಗಳಿಗೆ ಶತ್ರು ಯಾರು ಮಿತ್ರ ಯಾರು ಎಂಬ ಭೇದವಿಲ್ಲ. ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬಿನಾಮ್ಲಗಳು ಮೊದಲು ಸುಡುತ್ತವೆ, ಆ ಸುಟ್ಟುದರ ಗುರುತೇ ವರದಿಯಲ್ಲಿ ಕಾಣುವ ಮ್ಯಾಲಾನ್‌ಡೈಆಲ್ಡಿಹೈಡ್.

ವೈರಸ್ಸುಗಳಿಗೂ ಈ ಆಟ ಗೊತ್ತು. ಚರ್ಮಗಂಟು ವೈರಸ್ಸಿನ ವಂಶವಾಹಿಗಳಲ್ಲಿ ಎಸ್‌ಒಡಿಯನ್ನು ಹೋಲುವ ಒಂದು ಇದೆ. ಮೊಲಗಳಿಗೆ ಬರುವ ಮಿಕ್ಸೋಮಾ ಎಂಬ ಸಿಡುಬು ಜಾತಿಯ ವೈರಸ್ಸಿನಲ್ಲೂ ಇಂಥದೇ ಪ್ರೋಟೀನು ಇದ್ದು, ಅದು ಎಸ್‌ಒಡಿಯ ಕೆಲಸ ಮಾಡದೆ ಜೀವಕೋಶದ ಸ್ವಂತ ಎಸ್‌ಒಡಿಗೆ ತೊಡಕಾಗುತ್ತದೆ. ಚುರುಕು ಕಣಗಳು ವೈರಸ್ಸಿಗೆ ಅಪಾಯ ಮಾತ್ರವಲ್ಲ, ಕೆಲವೊಮ್ಮೆ ಅನುಕೂಲ ಕೂಡ ಎಂಬುದಕ್ಕೆ ಇದು ಸೂಚನೆ. 1995ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದು ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸಿತ್ತು. ಸೆಲೆನಿಯಂ ಕೊರತೆಯಿರುವ ಇಲಿಗಳಿಗೆ ಸಾಧುವಾದ ಕಾಕ್ಸಾಕಿ ವೈರಸ್ ಕೊಟ್ಟಾಗ ಅದು ಅವುಗಳ ಮೈಯೊಳಗೆ ಬದಲಾಗಿ ಹೃದಯ ಕೆಡಿಸುವ ವೈರಸ್ಸಾಯಿತು. ಕಾಕ್ಸಾಕಿಯೂ ಕಾಲುಬಾಯಿ ಜ್ವರದ ವೈರಸ್ಸೂ ಒಂದೇ ಕುಟುಂಬದವು. ಇಲಿಯ ಫಲಿತಾಂಶವನ್ನು ಹಸುವಿಗೆ ಹಾಗೇ ಹೊಂದಿಸಲಾಗದು. ಆದರೂ ಪೌಷ್ಟಿಕತೆಯ ಕೊರತೆ ಪ್ರಾಣಿಯೊಂದನ್ನೇ ದುರ್ಬಲಗೊಳಿಸುತ್ತದೆಂದು ನಂಬಿದ್ದವರನ್ನು ಅದು ಬೆಚ್ಚಿಬೀಳಿಸಿತು.

ರಕ್ಷಕವೇ ಸೊರಗಿದರೆ

ಯಕೃತ್ತಿಗೇ ಏಕೆ ಈ ಹೊರೆ? ಹಸುವಿನ ದೇಹತೂಕದಲ್ಲಿ ಯಕೃತ್ತಿನ ಪಾಲು ನೂರಕ್ಕೆ ಒಂದೂವರೆ ದಾಟುವುದು ಅಪರೂಪ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಐದನೇ ಒಂದು ಭಾಗದಷ್ಟು ಅದೊಂದೇ ನುಂಗುತ್ತದೆ. ಆಮ್ಲಜನಕ ಹೆಚ್ಚು ಉರಿಯುವ ಕಡೆ ಚುರುಕು ಕಣಗಳೂ ಹೆಚ್ಚು. ಜೊತೆಗೆ ಹೊಟ್ಟೆ, ಕರುಳಿನಿಂದ ಬರುವ ರಕ್ತವೆಲ್ಲ ಮೊದಲು ಯಕೃತ್ತಿಗೇ ಬರಬೇಕು. ಜ್ವರದಿಂದ ಕರುಳಿನ ಒಳಪದರ ಸಡಿಲಾದರೆ ಅಲ್ಲಿನ ಬ್ಯಾಕ್ಟೀರಿಯಾ ವಿಷಗಳನ್ನು ಮೊದಲು ಎದುರಿಸುವುದೂ ಅದೇ. ಯಕೃತ್ತಿನೊಳಗಿನ ಕುಪ್ಫರ್ ಕೋಶಗಳು ಆ ವಿಷವನ್ನು ಹಿಡಿದು, ಹಿಡಿಯುವಾಗ ಮತ್ತಷ್ಟು ಕಣಗಳನ್ನು ಕಾರುತ್ತವೆ.

ಇಷ್ಟೇ ಆಗಿದ್ದರೆ ಯಕೃತ್ತು ಬರೀ ಪೆಟ್ಟು ತಿನ್ನುವ ಅಂಗವಾಗುತ್ತಿತ್ತು. ಅದು ಇಡೀ ದೇಹಕ್ಕೆ ರಕ್ಷಣೆ ಒದಗಿಸುವ ಅಂಗವೂ ಹೌದು. ಗ್ಲುಟಾಥಯೋನ್ ಹೆಚ್ಚು ತಯಾರಾಗುವುದು ಅಲ್ಲಿ. ಮನುಷ್ಯರಿಗೆ ಹೊರಗಿನಿಂದಲೇ ಬರಬೇಕಾದ ವಿಟಮಿನ್ ಸಿಯನ್ನು ಹಸು ತನ್ನ ಯಕೃತ್ತಿನಲ್ಲಿ ಗ್ಲೂಕೋಸಿನಿಂದ ತಾನೇ ಮಾಡಿಕೊಳ್ಳುತ್ತದೆ. ಆಲ್ಬುಮಿನ್ ಕೂಡ ಅಲ್ಲೇ ಹುಟ್ಟುತ್ತದೆ. ಅದು ಚುರುಕು ಕಣಗಳನ್ನು ತಾನೇ ಹೀರಿ ತಣಿಸಬಲ್ಲ ಪ್ರೋಟೀನು. ರಕ್ತಕಣ ಒಡೆದು ಹೊರಬಿದ್ದ ಹಿಮೋಗ್ಲೋಬಿನ್ನನ್ನು ಕಟ್ಟಿಹಾಕುವ ಹ್ಯಾಪ್ಟೋಗ್ಲೋಬಿನ್, ತಾಮ್ರವನ್ನು ಹೊತ್ತು ತಿರುಗುವ ಸೆರುಲೋಪ್ಲಾಸ್ಮಿನ್, ಸೆಲೆನಿಯಂ ಹಂಚುವ ಪ್ರೋಟೀನು ಎಲ್ಲವೂ ಯಕೃತ್ತಿನ ಉತ್ಪನ್ನಗಳು. ಹಾಗಾಗಿ ಯಕೃತ್ತು ದಣಿದರೆ ದೇಹದ ಉಳಿದ ಅಂಗಗಳೂ ಕಾವಲಿಲ್ಲದೆ ಉಳಿಯುತ್ತವೆ, ಸುಡುವಿಕೆ ಇನ್ನಷ್ಟು ಹೆಚ್ಚುತ್ತದೆ, ಹೆಚ್ಚಿದ್ದು ಮತ್ತೆ ಯಕೃತ್ತನ್ನೇ ದಣಿಸುತ್ತದೆ.

ಸೋಂಕಿನ ಮೊದಲ ದಿನಗಳಲ್ಲೇ ಯಕೃತ್ತು ತನ್ನ ಕೆಲಸದ ಸರದಿಯನ್ನು ಬದಲಿಸಿಕೊಳ್ಳುತ್ತದೆ. ಆರೋಗ್ಯವಂತ ಹಸುವಿನ ರಕ್ತದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಷ್ಟಿರುವ ಹ್ಯಾಪ್ಟೋಗ್ಲೋಬಿನ್ ಒಂದೆರಡು ದಿನಗಳಲ್ಲಿ ಹತ್ತಾರು ಪಟ್ಟು ಏರುತ್ತದೆ. ಅದಕ್ಕೆ ಬೇಕಾದ ಅಮೈನೋ ಆಮ್ಲಗಳಿಗಾಗಿ ಆಲ್ಬುಮಿನ್ ತಯಾರಿ ತಗ್ಗುತ್ತದೆ. ಸತುವನ್ನು ಯಕೃತ್ತು ತನ್ನೊಳಗೆ ಎಳೆದುಕೊಳ್ಳುತ್ತದೆ, ಕಬ್ಬಿಣವನ್ನು ವೈರಿಗಳ ಕೈಗೆ ಸಿಗದಂತೆ ಬಚ್ಚಿಡುತ್ತದೆ. ಇವೆಲ್ಲ ರೋಗವಲ್ಲ, ತಯಾರಿ. ವರದಿಯಲ್ಲಿ ಮಾತ್ರ ಎಲ್ಲವೂ ಕೊರತೆಯಂತೆಯೇ ಕಾಣುತ್ತದೆ.

ಮೇವು ಬಿಟ್ಟ ಹೊಟ್ಟೆ

ನನ್ನ ದೃಷ್ಟಿಯಲ್ಲಿ ಇಡೀ ಪ್ರಸಂಗದ ಗಂಟು ಇಲ್ಲಿದೆ. ಮೆಲುಕು ಹಾಕುವ ಪ್ರಾಣಿಗಳ ಯಕೃತ್ತು ನಮ್ಮದರಂತಲ್ಲ. ಹಸು ತಿಂದ ಪಿಷ್ಟ, ನಾರು ಎಲ್ಲವನ್ನೂ ಹೊಟ್ಟೆಯ ಮೊದಲ ಚೀಲವಾದ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳು ಹುಳಿಯಿಸಿಬಿಡುತ್ತವೆ, ಕರುಳಿಗೆ ಸಕ್ಕರೆಯಾಗಿ ತಲುಪುವುದು ಬಹಳ ಕಡಿಮೆ. ಹುಳಿತದಿಂದ ಬರುವ ಪ್ರೊಪಿಯೋನಿಕ್ ಆಮ್ಲವನ್ನು ಹಿಡಿದು ಯಕೃತ್ತು ದಿನವಿಡೀ ಗ್ಲೂಕೋಸ್ ಮಾಡುತ್ತಲೇ ಇರಬೇಕು. ಒಂದು ಕಿಲೋ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ದಿನಕ್ಕೆ 20 ಕಿಲೋ ಹಾಲು ಕೊಡುವ ಹಸುವಿನ ಯಕೃತ್ತು ಕೆಚ್ಚಲಿಗೆಂದೇ ಸುಮಾರು 1.4 ಕಿಲೋ ಗ್ಲೂಕೋಸ್ ಒದಗಿಸುತ್ತಿರುತ್ತದೆ.

ಈಗ ಅದೇ ಹಸುವಿಗೆ 41 ಡಿಗ್ರಿ ಜ್ವರ ಬಂತೆನ್ನಿ. ಕಾಲುಬಾಯಿ ಜ್ವರವಾದರೆ ನಾಲಿಗೆಯ ಸಿಪ್ಪೆಯೇ ಕಿತ್ತುಬರುತ್ತದೆ, ಒಣಹುಲ್ಲು ಮುಟ್ಟಿದರೆ ಉರಿ. ಚರ್ಮಗಂಟು ರೋಗವಾದರೆ ಬಾಯಿ, ಗಂಟಲು, ಶ್ವಾಸನಾಳ, ಕೆಲವೊಮ್ಮೆ ರೂಮೆನ್‌ನ ಒಳಗೋಡೆಯಲ್ಲೂ ಗಂಟುಗಳೇಳುತ್ತವೆ. ಮೇವು ನಿಲ್ಲುತ್ತದೆ, ಮೆಲುಕು ನಿಲ್ಲುತ್ತದೆ, ಪ್ರೊಪಿಯೋನಿಕ್ ಆಮ್ಲ ಬತ್ತುತ್ತದೆ. ಜ್ವರ ಒಂದು ಡಿಗ್ರಿ ಏರಿದರೆ ದೇಹದ ಶಕ್ತಿಯ ಖರ್ಚು ನೂರಕ್ಕೆ ಹತ್ತರಷ್ಟಾದರೂ ಏರುತ್ತದೆ. ರಕ್ಷಣಾ ಕಣಗಳಿಗೂ ಬೇಕಾದದ್ದು ಗ್ಲೂಕೋಸೇ. ಆದಾಯ ನಿಂತು ಖರ್ಚು ಏರಿದಾಗ ಹಸು ತನ್ನ ಮೈಕೊಬ್ಬನ್ನು ಕರಗಿಸಲು ಹೊರಡುತ್ತದೆ.

ಕರಗಿದ ಕೊಬ್ಬಿನಾಮ್ಲಗಳ ಪ್ರವಾಹ ಬಂದು ಸೇರುವುದು ಯಕೃತ್ತಿಗೆ. ಅದು ಅವುಗಳಲ್ಲಿ ಒಂದಿಷ್ಟನ್ನು ಸುಡುತ್ತದೆ, ಸುಡುವಾಗ ಮತ್ತೆ ಚುರುಕು ಕಣಗಳು. ಒಂದಿಷ್ಟು ಅರೆಸುಟ್ಟು ಕೀಟೋನ್ ಎಂಬ ವಸ್ತುವಾಗುತ್ತದೆ. ಉಳಿದದ್ದನ್ನು ಪ್ರೋಟೀನಿನೊಂದಿಗೆ ಕಟ್ಟಿ ಹೊರಗೆ ಕಳಿಸಬೇಕು, ಆದರೆ ದನಗಳ ಯಕೃತ್ತಿಗೆ ಈ ಸಾಗಣೆಯ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಹಾಗಾಗಿ ಕೊಬ್ಬು ಅಲ್ಲೇ ಕೂಡಿ ಕೊಬ್ಬಿದ ಯಕೃತ್ತಾಗುತ್ತದೆ. ಕೊಬ್ಬು ತುಂಬಿದ ಯಕೃತ್ತು ಗ್ಲೂಕೋಸ್ ಮಾಡುವುದರಲ್ಲೂ ಹಿಂದೆ, ವಿಷ ಕಳೆಯುವುದರಲ್ಲೂ ಹಿಂದೆ. ಕೂಡಿಟ್ಟ ಕೊಬ್ಬು ಸುಡುವ ಕಣಗಳಿಗೆ ಒಳ್ಳೆಯ ಉರುವಲು ಬೇರೆ. ಚರ್ಮಗಂಟು ವೈರಸ್ ಯಕೃತ್ತಿನ ಕಡೆ ತಲೆ ಹಾಕದಿದ್ದರೂ ಇಷ್ಟೆಲ್ಲ ಆಗುತ್ತದೆ. ವೈರಸ್ಸೇ ಇಲ್ಲದೆ, ಬರೀ ಉಪವಾಸದಿಂದಲೂ ಇದರ ಬಹುಭಾಗ ಆಗಬಲ್ಲದು.

ಕರು ಹಾಕುವ ಆಸುಪಾಸಿನ ಮೂರು ವಾರ ಮುಂಚೆ, ಮೂರು ವಾರ ಆಮೇಲೆ ಹಸು ಹೇಗೂ ಇದೇ ಅಂಚಿನಲ್ಲಿ ನಡೆಯುತ್ತಿರುತ್ತದೆ. ತಿನ್ನುವುದು ಕಡಿಮೆ, ಹಾಲಿಗೆ ಬೇಕಾದದ್ದು ಹೆಚ್ಚು, ರಕ್ತದ ವಿಟಮಿನ್ ಇ ಮಟ್ಟ ಆ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲೇ ವೈರಸ್ ಬಂದರೆ ಎರಡು ಹೊರೆ ಒಂದರ ಮೇಲೊಂದು. ಒಂದೇ ಹಿಂಡಿನಲ್ಲಿ ಒಂದು ಹಸು ವಾರದಲ್ಲಿ ಚೇತರಿಸಿಕೊಂಡು ಇನ್ನೊಂದು ತಿಂಗಳಾದರೂ ಎದ್ದು ನಿಲ್ಲದಿರುವುದಕ್ಕೆ ವೈರಸ್ಸಿನ ಪ್ರಮಾಣಕ್ಕಿಂತ ಈ ಕಾರಣವೇ ಎಷ್ಟೋ ಸಲ ಹೊಂದುತ್ತದೆ.

ಯಾವ ವೈರಸ್, ಎಷ್ಟು ನೇರ

ನೇರವಾಗಿ ಯಕೃತ್ತನ್ನೇ ಹುಡುಕಿಕೊಂಡು ಹೋಗುವ ವೈರಸ್ ಇಲ್ಲವೆಂದಲ್ಲ. ರಿಫ್ಟ್ ಕಣಿವೆ ಜ್ವರ ಅದಕ್ಕೆ ಎದ್ದುಕಾಣುವ ಉದಾಹರಣೆ. 1931ರಲ್ಲಿ ಕೀನ್ಯಾದ ಕುರಿಗಳಲ್ಲಿ ಅದನ್ನು ವಿವರಿಸಿದವರು ಕೊಟ್ಟ ಮೊದಲ ಹೆಸರೇ ಪ್ರದೇಶಕ್ಕೆ ಅಂಟಿದ ಯಕೃತ್ತಿನ ಉರಿಯೂತ ಎಂಬರ್ಥದ್ದು. ಸೊಳ್ಳೆಗಳಿಂದ ಹರಡುವ ಈ ವೈರಸ್ ಯಕೃತ್ತಿನ ಕೋಶಗಳೊಳಗೇ ಬೆಳೆದು ಅವನ್ನು ಸಾಲುಸಾಲಾಗಿ ಕೊಲ್ಲುತ್ತದೆ, ಗಬ್ಬದ ಹಸು–ಕುರಿಗಳು ಒಟ್ಟೊಟ್ಟಿಗೆ ಕಂದು ಹಾಕುತ್ತವೆ, ಎಳೆ ಕರುಗಳು ಸಾಯುತ್ತವೆ. ಮನುಷ್ಯರಿಗೂ ತಗಲುತ್ತದೆ. 2000ದಲ್ಲಿ ಅದು ಮೊದಲ ಬಾರಿ ಆಫ್ರಿಕಾ ದಾಟಿ ಸೌದಿ ಅರೇಬಿಯಾ ಮತ್ತು ಯೆಮೆನ್‌ನಲ್ಲಿ ಕಾಣಿಸಿತು. ಇಲ್ಲಿ ಏರಿದ ಎಎಸ್‌ಟಿ ನಿಜಕ್ಕೂ ಯಕೃತ್ತಿನದೇ.

ಇದಕ್ಕೆ ಪೂರ್ತಿ ವಿರುದ್ಧ ತುದಿಯಲ್ಲಿ ದನಗಳ ಹೆಪಾಸಿವೈರಸ್ ಇದೆ. ಮನುಷ್ಯರ ಹೆಪಟೈಟಿಸ್ ಸಿ ವೈರಸ್ಸಿನ ಈ ಬಂಧು 2015ರಲ್ಲಿ ಜರ್ಮನಿ ಮತ್ತು ಘಾನಾದ ದನಗಳಲ್ಲಿ ಪತ್ತೆಯಾಯಿತು. ಯಕೃತ್ತಿನಲ್ಲೇ ನೆಲೆಸಿ ತಿಂಗಳುಗಟ್ಟಲೆ ಇದ್ದರೂ ಹಸು ಸಾಮಾನ್ಯವಾಗಿ ಹುಷಾರಾಗಿಯೇ ಇರುತ್ತದೆ. ಯಕೃತ್ತಿನಲ್ಲಿ ವಾಸವಿರುವ ವೈರಸ್ ತೊಂದರೆ ಕೊಡದೆ, ಚರ್ಮದಲ್ಲಿ ಮನೆಮಾಡಿದ ವೈರಸ್ ಯಕೃತ್ತನ್ನು ದಣಿಸುವುದು ವಿಚಿತ್ರವೆನಿಸಬಹುದು. ಹೊರೆ ಎಲ್ಲಿಂದ ಬರುತ್ತದೆಂದು ತಿಳಿದ ಮೇಲೆ ವಿಚಿತ್ರವೇನೂ ಇಲ್ಲ.

ನಡುವೆ ಬರುವವು ಉಳಿದವು. ಚರ್ಮಗಂಟು ರೋಗದಲ್ಲಿ ರಕ್ತನಾಳಗಳ ಗೋಡೆ ಉರಿಯೂತಗೊಂಡು ಹೆಪ್ಪುಗಟ್ಟುವುದು ಮುಖ್ಯ, ತೀವ್ರ ಪ್ರಕರಣಗಳ ಶವಪರೀಕ್ಷೆಯಲ್ಲಿ ಯಕೃತ್ತಿನ ಕೋಶಗಳು ಸವೆದಿರುವುದೂ ಅಲ್ಲಲ್ಲಿ ಬಿಳಿಕಣಗಳು ಕೂಡಿರುವುದೂ ಕಾಣಸಿಗುತ್ತವೆ. ಕಾಲುಬಾಯಿ ಜ್ವರದ ವೈರಸ್ ಬಾಯಿ, ಗೊರಸು, ಕೆಚ್ಚಲ ಚರ್ಮವನ್ನು ಹಿಡಿಯುತ್ತದೆ, ಕರುಗಳಲ್ಲಿ ಹೃದಯದ ಸ್ನಾಯುವನ್ನೂ ಹಿಡಿದು ಹುಲಿಪಟ್ಟೆಯಂಥ ಗೆರೆ ಮೂಡಿಸುತ್ತದೆ. ಮೂರು ದಿನದ ಜ್ವರದಲ್ಲಿ ಹಸು ಕೀಲುನೋವಿನಿಂದ ಮಲಗಿಬಿಡುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಈ ಮೂರರಲ್ಲೂ ಯಕೃತ್ತು ಮೊದಲ ಗುರಿಯಲ್ಲ.

ವರದಿಯನ್ನು ಓದುವ ಬಗೆ

ಎಎಸ್‌ಟಿ ಯಕೃತ್ತಿನಲ್ಲಿರುವಷ್ಟೇ ಧಾರಾಳವಾಗಿ ಸ್ನಾಯುಗಳಲ್ಲೂ ಹೃದಯದಲ್ಲೂ ಇದೆ. ಎರಡು ದಿನ ಒಂದೇ ಮಗ್ಗುಲಲ್ಲಿ ಬಿದ್ದ ಹಸುವಿನ ತೊಡೆಯ ಸ್ನಾಯು ನಜ್ಜುಗುಜ್ಜಾದರೆ ಎಎಸ್‌ಟಿ ಏರುತ್ತದೆ. ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟರೂ ಏರುತ್ತದೆ. ಜ್ವರಕ್ಕೊಂದು, ನೋವಿಗೊಂದು, ಆ್ಯಂಟಿಬಯಾಟಿಕ್ ಒಂದು, ವಿಟಮಿನ್ ಒಂದು ಎಂದು ವಾರವಿಡೀ ಚುಚ್ಚಿಸಿಕೊಂಡ ಹಸುವಿನ ರಕ್ತದಲ್ಲಿ ಎಎಸ್‌ಟಿ ಹೆಚ್ಚಿದೆ, ಲಿವರ್ ಕೆಟ್ಟಿದೆ ಎನ್ನುವುದು ಅವಸರದ ಮಾತು. ಜೊತೆಯಲ್ಲಿ ಸಿಕೆ ಎಂಬ ಸ್ನಾಯುವಿನ ಕಿಣ್ವವನ್ನೂ ನೋಡಬೇಕು. ಎರಡೂ ಏರಿದ್ದರೆ ಬೊಟ್ಟು ಸ್ನಾಯುವಿನ ಕಡೆಗೆ. ಸಿಕೆ ಬೇಗ ಇಳಿಯುತ್ತದೆ, ಎಎಸ್‌ಟಿ ನಿಧಾನ, ಹಾಗಾಗಿ ತಡವಾಗಿ ತೆಗೆದ ರಕ್ತದಲ್ಲಿ ಎಎಸ್‌ಟಿ ಒಂದೇ ಉಳಿದು ಮೋಸ ಮಾಡುವುದೂ ಉಂಟು.

ಮನುಷ್ಯರ ವರದಿಗಳನ್ನು ನೋಡಿ ರೂಢಿಯಾದವರು ಎಎಲ್‌ಟಿ ಎಂಬ ಕಿಣ್ವವನ್ನು ಹುಡುಕುತ್ತಾರೆ. ದನಗಳ ಯಕೃತ್ತಿನಲ್ಲಿ ಎಎಲ್‌ಟಿ ಬಹಳ ಕಡಿಮೆ, ಅದನ್ನು ನಂಬಿ ಹೇಳುವುದಕ್ಕೇನೂ ಇಲ್ಲ. ಯಕೃತ್ತಿನ ಕೋಶವೇ ಒಡೆದಿದೆಯೇ ಎಂದು ತಿಳಿಯಲು ಜಿಎಲ್‌ಡಿಎಚ್ ಎಂಬ ಕಿಣ್ವ ಒಳ್ಳೆಯ ಸಾಕ್ಷಿ. ಪಿತ್ತನಾಳಗಳಿಗೆ ತೊಂದರೆಯಾಗಿದ್ದರೆ ಜಿಜಿಟಿ ಹೇಳುತ್ತದೆ. ಆದರೆ ಗಿಣ್ಣುಹಾಲು ಕುಡಿದ ಎಳೆಗರುವಿನಲ್ಲಿ ಜಿಜಿಟಿ ಹಾಲಿನಿಂದಲೇ ಬಂದು ಮುಗಿಲು ಮುಟ್ಟಿರುತ್ತದೆ, ಅದು ರೋಗವಲ್ಲ. ದೊಡ್ಡ ಹಸುವಿನಲ್ಲಿ ಜಿಜಿಟಿ ಮಾತ್ರ ಏರಿದ್ದರೆ ವೈರಸ್ಸಿಗಿಂತ ಮೊದಲು ಯಕೃತ್ತಿನ ಚಪ್ಪಟೆ ಹುಳುವನ್ನು ನೆನೆಯಬೇಕು.

ಆಲ್ಬುಮಿನ್ ವಿಷಯದಲ್ಲೂ ಸ್ವಲ್ಪ ತಾಳ್ಮೆ ಬೇಕು. ದನಗಳಲ್ಲಿ ಅದು ಅರ್ಧಕ್ಕೆ ಸವೆಯಲು ಎರಡು ವಾರಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ಜ್ವರ ಬಂದ ನಾಲ್ಕನೇ ದಿನವೇ ಆಲ್ಬುಮಿನ್ ತೀರಾ ಕಡಿಮೆಯಿದ್ದರೆ ಅದಕ್ಕೆ ತಯಾರಿ ನಿಂತದ್ದೊಂದೇ ಕಾರಣವಾಗಲಾರದು. ರಕ್ತನಾಳಗಳಿಂದ ಸೋರಿಹೋಗಿರಬಹುದು, ಇಲ್ಲವೇ ಹಸು ಮೊದಲೇ ಹುಳುಬಾಧೆಯಿಂದ ಸೊರಗಿರಬಹುದು. ಸತು ಕಡಿಮೆಯಿದೆ ಎಂಬ ಸಾಲೂ ಅಷ್ಟೇ. ಉರಿಯೂತವಿರುವಾಗ ಅದು ಯಕೃತ್ತಿನೊಳಗೆ ಸೇರಿಕೊಂಡಿರುತ್ತದೆ, ದೇಹದಿಂದ ಕಳೆದುಹೋಗಿರುವುದಿಲ್ಲ. ತಾಮ್ರ ಇದಕ್ಕೆ ತಿರುಗಾಮುರುಗಾ, ಸೆರುಲೋಪ್ಲಾಸ್ಮಿನ್ ಏರಿದಂತೆ ರಕ್ತದಲ್ಲಿ ತಾಮ್ರವೂ ಏರಬಲ್ಲದು.

ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ ಎಲ್ಲರೂ ಲಿವರ್ ಎನ್ನುತ್ತಾರೆ. ದನಗಳಲ್ಲಿ ಕಾಮಾಲೆಗೆ ಹೆಚ್ಚಿನ ಕಾರಣ ರಕ್ತಕಣಗಳು ಒಡೆಯುವುದು. ವೈರಸ್ ಜ್ವರದಿಂದ ರಕ್ಷಣೆ ಕುಸಿದಾಗ ಉಣ್ಣೆಗಳಿಂದ ಬಂದು ಮೈಯಲ್ಲಿ ಮಲಗಿದ್ದ ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾ ಎಂಬ ರಕ್ತದ ರೋಗಾಣುಗಳು ಏಳುತ್ತವೆ. ಚರ್ಮಗಂಟು ವೈರಸ್ಸನ್ನು ಒಯ್ಯುವುದೂ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳೇ ಆದ್ದರಿಂದ ಎರಡು ರೋಗ ಒಟ್ಟಿಗಿರುವುದು ಆಶ್ಚರ್ಯವಲ್ಲ. ಒಡೆದ ರಕ್ತಕಣಗಳಿಂದ ಹೊರಬಂದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಎಲ್ಲಕ್ಕಿಂತ ಉಗ್ರವಾದ ಹೈಡ್ರಾಕ್ಸಿಲ್ ಕಣ ಹುಟ್ಟುತ್ತದೆ. ಒಂದು ರಕ್ತಲೇಪದ ಗಾಜುಪಟ್ಟಿ ನೋಡಿದರೆ ಈ ರೋಗಾಣುಗಳಿವೆಯೇ ಎಂಬುದು ತಿಳಿಯುತ್ತದೆ. ಅದನ್ನು ಬಿಟ್ಟು ದುಬಾರಿ ಪರೀಕ್ಷೆಗಳಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಸಂಶೋಧನಾ ಪ್ರಬಂಧಗಳ ಬಗ್ಗೆಯೂ ಒಂದು ಮಾತು. ಚರ್ಮಗಂಟು ಮತ್ತು ಕಾಲುಬಾಯಿ ರೋಗಗಳಲ್ಲಿ ಆಕ್ಸಿಡೇಟಿವ್ ಒತ್ತಡ ಹೆಚ್ಚುತ್ತದೆ ಎಂದು ತೋರಿಸಿದ ಅಧ್ಯಯನಗಳು ಹಲವು, ದಿಕ್ಕು ಬಹುಪಾಲು ಒಂದೇ. ಆದರೆ ಹೆಚ್ಚಿನವು ಕೆಲವೇ ಹತ್ತಾರು ರೋಗಿಷ್ಠ ದನಗಳನ್ನೂ ಕೆಲವು ಆರೋಗ್ಯವಂತ ದನಗಳನ್ನೂ ಒಂದೇ ಸಲ ರಕ್ತ ತೆಗೆದು ಹೋಲಿಸಿದವು. ರೋಗಿಷ್ಠ ಹಸು ಮೇವು ಬಿಟ್ಟಿದೆ, ಇನ್ನೊಂದು ಹೊಟ್ಟೆತುಂಬ ತಿಂದಿದೆ. ಕಂಡ ವ್ಯತ್ಯಾಸದಲ್ಲಿ ವೈರಸ್ಸಿನ ಪಾಲೆಷ್ಟು, ಹಸಿವಿನ ಪಾಲೆಷ್ಟು ಎಂದು ಈ ಹೋಲಿಕೆಯಿಂದ ಬಿಡಿಸಲಾಗದು. ಬಿಡಿಸಬೇಕಾದರೆ ಅಷ್ಟೇ ಮೇವು ಕಡಿಮೆ ಮಾಡಿದ ಆರೋಗ್ಯವಂತ ಹಸುಗಳ ಮೂರನೇ ಗುಂಪು ಬೇಕು, ರೋಗದ ಮೊದಲಿನಿಂದ ಚೇತರಿಕೆಯವರೆಗೆ ಮತ್ತೆಮತ್ತೆ ರಕ್ತ ತೆಗೆಯಬೇಕು. ಮ್ಯಾಲಾನ್‌ಡೈಆಲ್ಡಿಹೈಡ್ ಅಳೆಯುವ ಅಗ್ಗದ ವಿಧಾನ ಬೇರೆ ವಸ್ತುಗಳನ್ನೂ ಸೇರಿಸಿ ಎಣಿಸಿಬಿಡುತ್ತದೆ ಎಂಬುದು ಹಳೆಯ ದೂರು.

ಕೊಡುವುದೇನು, ಬಿಡುವುದೇನು

ಮೇವು ಬಿಟ್ಟದ್ದೇ ಹೊರೆಯ ಮೂಲವಾದರೆ ಮೊದಲ ಚಿಕಿತ್ಸೆ ಮೇವೇ. ಬಾಯಿ ಹುಣ್ಣಾದ ಹಸುವಿಗೆ ಮೆತ್ತಗೆ ನೆನೆಸಿದ, ಎಳೆಯದಾದ ಹಸಿರು ಮೇವು, ಗಂಜಿಯಂತೆ ಕಲಸಿದ ಹಿಂಡಿ, ಕೈಗೆಟಕುವಲ್ಲಿ ನೀರು, ನೆರಳು. ಹಸಿರು ಮೇವಿನಲ್ಲಿ ವಿಟಮಿನ್ ಇ ಧಾರಾಳ, ಒಣಗಿಸಿ ಕೂಡಿಟ್ಟ ಹುಲ್ಲಿನಲ್ಲಿ ಅದು ಬಹುಪಾಲು ಹೋಗಿರುತ್ತದೆ. ನೋವು ಮತ್ತು ಜ್ವರ ಇಳಿಸುವ ಔಷಧದ ದೊಡ್ಡ ಉಪಯೋಗವೂ ಇದೇ, ನೋವು ಕಡಿಮೆಯಾದರೆ ಹಸು ಬಾಯಾಡಿಸುತ್ತದೆ. ಮೂರು ದಿನವಾದರೂ ಮೆಲುಕು ಶುರುವಾಗದಿದ್ದರೆ ಆರೋಗ್ಯವಂತ ಹಸುವಿನ ರೂಮೆನ್ ರಸವನ್ನು ಕುಡಿಸುವುದು ಹಳೆಯದಾದರೂ ಒಳ್ಳೆಯ ಉಪಾಯ. ಸಾಂಕ್ರಾಮಿಕವಿರುವ ಹಿಂಡಿನಿಂದ ಆ ರಸ ತರಬಾರದು ಅಷ್ಟೇ. ರಕ್ತದಲ್ಲಿ ಕೀಟೋನ್ ಹೆಚ್ಚಾಗುವ ಕೀಟೋಸಿಸ್ ಕಾಣಿಸಿಕೊಂಡ ಹಾಲಿನ ಹಸುವಿಗೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸಿದರೆ ಯಕೃತ್ತಿಗೆ ಗ್ಲೂಕೋಸ್ ಮಾಡಲು ಕಚ್ಚಾವಸ್ತು ಸಿಗುತ್ತದೆ. ಶಕ್ತಿ ಬರಲಿ ಎಂದು ಹಸಿದ ಹೊಟ್ಟೆಗೆ ಏಕಾಏಕಿ ಕಾಳು ಸುರಿಯುವುದು ಮಾತ್ರ ಅಪಾಯ. ರೂಮೆನ್ ಹುಳಿಯಾಗಿ ಅಲ್ಲಿನ ವಿಷ ಮತ್ತೆ ಯಕೃತ್ತಿಗೇ ಬರುತ್ತದೆ. ಬೂಷ್ಟು ಹಿಡಿದ ಹಿಂಡಿಯಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಯಾವ ಹಸುವಿಗೂ ಕೆಟ್ಟದ್ದು, ಈ ಹಸುವಿಗೆ ಇನ್ನೂ ಕೆಟ್ಟದ್ದು.

ವಿಟಮಿನ್ ಇ ಮತ್ತು ಸೆಲೆನಿಯಂ ಕೊಡುವುದರಲ್ಲಿ ತಪ್ಪಿಲ್ಲ, ಕೊರತೆಯಿದ್ದಲ್ಲಿ ಅದರಿಂದ ಲಾಭವೂ ಇದೆ. ಕೊರತೆಯಿಲ್ಲದಲ್ಲಿ ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂಬ ಲೆಕ್ಕ ನಿಲ್ಲುವುದಿಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಐದು ಡೈರಿಗಳಲ್ಲಿ ಹಾಲು ಬತ್ತಿಸಿದ ಹಸುಗಳಿಗೆ ದಿನಕ್ಕೆ 3000 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿದರು. ಹೋಲಿಕೆಯ ಗುಂಪಿಗೆ ಸಿಕ್ಕದ್ದು 135 ಯೂನಿಟ್. ಕರು ಹಾಕಿದ ಮೇಲೆ ಕೆಚ್ಚಲು ಬಾವು ಹೆಚ್ಚಾದದ್ದು 3000 ಯೂನಿಟ್ ಪಡೆದವುಗಳಲ್ಲೇ. ರೋಗಾಣುಗಳನ್ನು ಕೊಲ್ಲಲು ದೇಹಕ್ಕೆ ಆ ಸುಡುವ ಕಣಗಳು ಬೇಕು ಎಂಬುದನ್ನು ನೆನೆದರೆ, ಅವನ್ನೆಲ್ಲ ತಣಿಸಿಬಿಡುವ ಉಮೇದಿಗೆ ಕಡಿವಾಣ ಬೀಳುತ್ತದೆ. ಸೆಲೆನಿಯಂ ಇನ್ನೂ ಸೂಕ್ಷ್ಮ. ಒಣಮೇವಿನ ಲೆಕ್ಕದಲ್ಲಿ ಕಿಲೋಗೆ 0.3 ಮಿಲಿಗ್ರಾಂ ಸಾಕು, ಬೇಕಾದದ್ದಕ್ಕೂ ವಿಷವಾಗುವುದಕ್ಕೂ ನಡುವಿನ ಅಂತರ ಕಿರಿದು. ಚುಚ್ಚುಮದ್ದಿನ ಪ್ರಮಾಣವನ್ನು ಅಂದಾಜಿನ ಮೇಲೆ ಎರಡು ಪಟ್ಟು ಮಾಡಿ ಹಸು ಕಳೆದುಕೊಂಡವರಿದ್ದಾರೆ.

ರಕ್ತ ಕಡಿಮೆಯಾಗಿದೆಯೆಂದು ಉರಿಯೂತದ ನಡುವೆ ಕಬ್ಬಿಣದ ಚುಚ್ಚುಮದ್ದು ಕೊಡುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ದೇಹ ಬಚ್ಚಿಟ್ಟದ್ದನ್ನು ನಾವು ಹೊರಗಿನಿಂದ ಸುರಿದಂತಾಗುತ್ತದೆ, ಅದು ಸುಡುವ ಕಣಗಳಿಗೆ ಮೇವು. ಪ್ಯಾರಾಸಿಟಮಾಲ್ ಯಕೃತ್ತಿನಲ್ಲಿ ಒಡೆಯುವಾಗ ಹುಟ್ಟುವ ವಿಷವನ್ನು ತಣಿಸುವುದು ಗ್ಲುಟಾಥಯೋನ್. ಗ್ಲುಟಾಥಯೋನೇ ಬತ್ತಿರುವ ಹಸುವಿಗೆ ದಿನಗಟ್ಟಲೆ ಪ್ಯಾರಾಸಿಟಮಾಲ್ ಚುಚ್ಚುವುದು ಯೋಚಿಸಿ ಮಾಡಬೇಕಾದ ಕೆಲಸ. ಇತರ ನೋವುನಿವಾರಕಗಳು ನೀರು ಬತ್ತಿದ ಹಸುವಿನ ಮೂತ್ರಪಿಂಡಕ್ಕೆ ಭಾರ, ಮೊದಲು ನೀರು ಕುಡಿಸಿ ಆಮೇಲೆ ಕೊಡುವುದು ಲೇಸು. ಆ್ಯಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಒಡೆದ ಗಂಟುಗಳಲ್ಲಿ ಕೀವು, ನ್ಯುಮೋನಿಯಾ ಇದ್ದಾಗ ಅದು ಬೇಕು, ಇಲ್ಲದಿದ್ದಾಗ ಯಕೃತ್ತು ಕಳೆಯಬೇಕಾದ ಇನ್ನೊಂದು ವಸ್ತು ಅಷ್ಟೇ. ಲಿವರ್ ಟಾನಿಕ್‌ಗಳ ಬಾಟಲಿಯ ಮೇಲಿನ ಭರವಸೆಗೆ ವೈರಸ್ ರೋಗದ ದನಗಳಲ್ಲಿ ನಡೆಸಿದ ಗಟ್ಟಿ ಪ್ರಯೋಗಗಳ ಬೆಂಬಲ ತೆಳು. ರೂಮೆನ್‌ನಲ್ಲಿ ಕರಗದಂತೆ ಹೊದಿಕೆ ಹಾಕಿದ ಕೋಲೀನ್ ಎಂಬ ಪೋಷಕಾಂಶಕ್ಕೆ ಕರು ಹಾಕುವ ಕಾಲದ ಹಸುಗಳಲ್ಲಿ ಕೊಬ್ಬಿದ ಯಕೃತ್ತನ್ನು ತಗ್ಗಿಸಿದ ಆಧಾರವಿದೆ. ಹೊದಿಕೆಯಿಲ್ಲದ ಕೋಲೀನ್ ರೂಮೆನ್‌ನಲ್ಲೇ ಮುಗಿದುಹೋಗುತ್ತದೆ, ಕೊಳ್ಳುವ ಮುನ್ನ ಚೀಟಿ ಓದಬೇಕು.

ಲಸಿಕೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಜ್ವರವೇ ಬಾರದ ಹಸುವಿನ ಯಕೃತ್ತಿಗೆ ಈ ಹೊರೆಯೂ ಇಲ್ಲ.

ಜ್ವರ ಬಿಟ್ಟ ಮೇಲೆ ಮರೆಯುವುದು ವಾಡಿಕೆ. ಗಂಟು ಉದುರಿ ಹುಣ್ಣು ಮಾಯ್ದರೂ ಯಕೃತ್ತಿನ ಕೊಬ್ಬು ಕರಗಲು, ಆಲ್ಬುಮಿನ್ ಮೇಲೇರಲು ವಾರಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಜಂತುನಾಶಕವನ್ನು ಲೆಕ್ಕ ಹಾಕಿ ಕೊಡಬೇಕು. ಚಪ್ಪಟೆ ಹುಳುವಿಗೆ ಕೊಡುವ ಕೆಲವು ಔಷಧಗಳು ಯಕೃತ್ತಿನ ಮೂಲಕವೇ ಹೊರಹೋಗುತ್ತವೆ, ಹಸು ಸರಿಯಾಗಿ ಮೇಯಲು ಶುರುಮಾಡಿದ ಮೇಲೆ ಕೊಡುವುದು ಸುರಕ್ಷಿತ. ಗರ್ಭಧಾರಣೆಗೆ ಮುನ್ನ ಮೈ ಹತ್ತಿದೆಯೇ ನೋಡಬೇಕು. ಹಾಲು ಮೊದಲಿನಷ್ಟು ಬರುತ್ತಿಲ್ಲವೆಂದು ಅನುಮಾನವಾದರೆ ಜ್ವರ ಬಿಟ್ಟು ನಾಲ್ಕರಿಂದ ಆರು ವಾರಕ್ಕೆ ಆಲ್ಬುಮಿನ್, ಜಿಜಿಟಿ, ಜಿಎಲ್‌ಡಿಎಚ್ ಮತ್ತೊಮ್ಮೆ ನೋಡಿದರೆ ಸಾಕು. ಮೂರೂ ಸರಿಯಿದ್ದರೆ ಹುಡುಕಬೇಕಾದದ್ದು ಕೆಚ್ಚಲಿನಲ್ಲಿ, ಗೊರಸಿನಲ್ಲಿ, ಗರ್ಭಕೋಶದಲ್ಲಿ.